ಹಸ್ತಾಕ್ಷರ ಯಾಚಕರು

ಯಾಚಕರಲ್ಲಿ ಹಲವು ಬಗೆ. ಅನ್ನ ಬೇಡುವವರಿದ್ದಾರೆ, ಹಣ ಬೇಡುವವರಿದ್ದಾರೆ, ಚುನಾವಣೆಯ ಕಾಲದಲ್ಲಿ ಕೈಮುಗಿದು ಮತ ಬೇಡುವವರೂ ಇದ್ದಾರೆ. ಇವರೆಲ್ಲರ ಬೇಡಿಕೆಗೂ ಒಂದು ಅರ್ಥವುಂಟು. ಸಿಕ್ಕ ವಸ್ತುವಿಗೆ ಒಂದು ಉಪಯೋಗವುಂಟು. ಆದರೆ ಸಭೆ ಮುಗಿದೊಡನೆ ವೇದಿಕೆಯ ಮೆಟ್ಟಿಲ ಬಳಿ ಕಾದು ನಿಂತು, ಎದೆಗವಚಿಕೊಂಡಿದ್ದ ಪುಟ್ಟ ಪುಸ್ತಕವನ್ನೂ ಮುಚ್ಚಳ ತೆಗೆದ ಲೇಖನಿಯನ್ನೂ ಸಾಹಿತಿಯ ಮುಂದೆ ಚಾಚುವ ಯಾಚಕನದು ಒಂದು ವಿಚಿತ್ರವಾದ ಪಂಗಡ. ಅವನು ಬೇಡುವುದು ನಾಲ್ಕೋ ಐದೋ ಅಕ್ಷರಗಳನ್ನು. ಆ ಅಕ್ಷರಗಳಾದರೋ ಅವನ ಮನೆಯಲ್ಲಿರುವ ಕಾದಂಬರಿಯ ಹೊದಿಕೆಯ ಮೇಲೆ ಆಗಲೇ ದಪ್ಪ ಮೊಳೆಗಳಲ್ಲಿ ಅಚ್ಚಾಗಿವೆ. ಅಚ್ಚಾದ ಹೆಸರನ್ನು ಎಲ್ಲರೂ ಓದಬಲ್ಲರು. ಅವಸರದಲ್ಲಿ ಗೀಚಿದ ಹೆಸರನ್ನು ಕೆಲವೊಮ್ಮೆ ಬರೆದವರೇ ಓದಲಾರರು. ಆದರೂ ಯಾಚಕನಿಗೆ ಬೇಕಾದುದು ಎರಡನೆಯದೇ.

ಈ ಹಂಬಲ ಹಿಂದಿನ ಕಾಲದ ಕನ್ನಡಿಗರಿಗೆ ಅಂಟಿದ್ದರೆ ಅವರು ಬಹಳ ನಿರಾಶರಾಗಬೇಕಾಗುತ್ತಿತ್ತು. ಬಸವಣ್ಣನವರ ಮುಂದೆ ಓಲೆಗರಿ ಹಿಡಿದು ನಿಂತವನಿಗೆ ದೊರೆಯುತ್ತಿದ್ದುದು ಕೂಡಲಸಂಗಮದೇವನ ಹೆಸರು. ದಾಸರನ್ನು ಬೇಡಿದವನಿಗೆ ಸಿಗುತ್ತಿದ್ದುದು ಪುರಂದರವಿಠಲನ ಅಂಕಿತ. ಗದುಗಿನ ನಾರಣಪ್ಪನಂತೂ ಕಾವ್ಯದ ಕರ್ತೃತ್ವವನ್ನೇ ವೀರನಾರಾಯಣನಿಗೆ ಒಪ್ಪಿಸಿ, ತಾನು ಬರೆದುಕೊಂಡವನು ಮಾತ್ರ ಎಂದು ಜಾರಿಕೊಂಡವನು. ಕವಿಗಳ ಮಾತು ಹಾಗಿರಲಿ, ದೊರೆಗಳೂ ಹಾಗೆಯೇ. ವಿಜಯನಗರದ ಸಂಗಮ ವಂಶದ ಅರಸರ ತಾಮ್ರಶಾಸನಗಳಲ್ಲಿ ಮೇಲಿನ ಒಕ್ಕಣೆ ಸಂಸ್ಕೃತದಲ್ಲಿದ್ದರೂ ಕೊನೆಯ ರುಜು ಕನ್ನಡದ ಅಕ್ಷರಗಳಲ್ಲಿರುತ್ತದೆ. ಆದರೆ ಅದು ಅರಸನ ಹೆಸರಲ್ಲ. 'ಶ್ರೀ ವಿರೂಪಾಕ್ಷ' ಎಂದು. ತನ್ನ ಹೆಸರನ್ನು ತಾನೇ ಬರೆದುಕೊಡುವುದು ಅಷ್ಟೇನೂ ಗೌರವದ ಕೆಲಸವಲ್ಲವೆಂದು ಈ ನಾಡು ಬಹುಕಾಲ ನಂಬಿದ್ದಂತೆ ತೋರುತ್ತದೆ.

ಹೊಸಗನ್ನಡದ ಬರಹಗಾರರು ಆ ಸಂಕೋಚವನ್ನು ಪೂರ್ತಿಯಾಗಿ ಬಿಡಲಿಲ್ಲ. ಬೇಂದ್ರೆಯವರು ಅಂಬಿಕಾತನಯದತ್ತರಾದರು, ಮಾಸ್ತಿಯವರು ಶ್ರೀನಿವಾಸರಾದರು, ಪುಟ್ಟಪ್ಪನವರು ಕುವೆಂಪು ಆದರು, ರಾಯಸಂ ಭೀಮಸೇನರಾಯರು ಬೀಚಿಯಾದರು, ಅನಸೂಯಾ ಶಂಕರ್ ಅವರು ತ್ರಿವೇಣಿಯಾದರು. ಹೀಗಾಗಿ ಕನ್ನಡದ ಲೇಖಕರ ಬಳಿ ಎರಡು ರುಜುಗಳಿದ್ದವು: ಬ್ಯಾಂಕಿನ ಗುಮಾಸ್ತೆ ಒಪ್ಪುವುದು ಒಂದು, ಓದುಗ ಒಪ್ಪುವುದು ಇನ್ನೊಂದು. 'ಅನಸೂಯಾ' ಎಂದು ಬರೆದುಕೊಟ್ಟರೆ ಓದುಗನ ಮುಖ ಬಾಡುತ್ತದೆ. 'ತ್ರಿವೇಣಿ' ಎಂದು ಚೆಕ್ಕಿನ ಮೇಲೆ ಬರೆದರೆ ಕಾಸು ಹುಟ್ಟುವುದಿಲ್ಲ. ಓದುಗನಿಗೆ ಪರಿಚಯವಿರುವುದು ಆ ಎರಡನೆಯ ವ್ಯಕ್ತಿ ಮಾತ್ರ. ಮನೆಯವರೆಲ್ಲ ಮಲಗಿದ ಮೇಲೆ ದೀಪದ ಬುಡದಲ್ಲಿ ಅವನೊಬ್ಬನೊಡನೆಯೇ ಗಂಟೆಗಟ್ಟಲೆ ಮಾತನಾಡಿದ ವ್ಯಕ್ತಿ ಅದು. ಆ ವ್ಯಕ್ತಿ ನಿಜವಾಗಿಯೂ ಇದ್ದಾರೆ, ಅವರಿಗೂ ಒಂದು ಕೈ ಇದೆ, ಆ ಕೈಯಲ್ಲಿ ಮಸಿಯ ಕಲೆ ಇದೆ ಎಂಬುದಕ್ಕೆ ಅವನಿಗೆ ಒಂದು ಸಾಕ್ಷಿ ಬೇಕು. ಸೂಕ್ಷ್ಮವಾಗಿ ನೋಡಿದರೆ ಇನ್ನೂ ಒಂದು ಬೇಕು. ಇಷ್ಟು ದಿನ ತಾನು ಅವರ ಮಾತನ್ನು ಕೇಳಿದ್ದಾನೆ. ಒಂದು ಕ್ಷಣವಾದರೂ ಅವರು ತನ್ನತ್ತ ತಿರುಗಿ, ಕೇಳುತ್ತಿದ್ದವನು ನೀನೋ ಎಂದು ಗುರುತಿಸಬೇಕು.

ಸಾಹಿತ್ಯ ಸಮ್ಮೇಳನಗಳು ಈ ಗುರುತಿನ ಜಾತ್ರೆಗಳಾದದ್ದು ಸಹಜವೇ. ೧೯೧೫ರಲ್ಲಿ ಬೆಂಗಳೂರಿನಲ್ಲಿ ಮೊದಲ ಸಮ್ಮೇಳನ ಸೇರಿದಾಗ ಅಲ್ಲಿದ್ದವರಲ್ಲಿ ವಿದ್ವಾಂಸರೇ ಹೆಚ್ಚು. ೧೯೫೭ರಲ್ಲಿ ಧಾರವಾಡದಲ್ಲಿ ಕುವೆಂಪು, ೧೯೬೦ರಲ್ಲಿ ಮಣಿಪಾಲದಲ್ಲಿ ಅ.ನ.ಕೃ. ಅಧ್ಯಕ್ಷಪೀಠವನ್ನೇರುವ ಹೊತ್ತಿಗೆ ಕಾದಂಬರಿ ಓದುವ ಒಂದು ಜನಸಮುದಾಯವೇ ನಾಡಿನಲ್ಲಿ ಹುಟ್ಟಿಕೊಂಡಿತ್ತು. ಆ ಕಾಲದ ವಿದ್ಯಾರ್ಥಿಯ ಆಟೋಗ್ರಾಫ್ ಪುಸ್ತಕ ಒಂದು ಸ್ವಾರಸ್ಯವಾದ ವಸ್ತು. ಅಂಗೈಯಗಲದ್ದು, ಹಾಳೆಗಳು ಗುಲಾಬಿ, ತಿಳಿಹಸಿರು, ನಸುನೀಲಿ. ಒಂದು ಪುಟದಲ್ಲಿ ನಾಡೆಲ್ಲ ಕೊಂಡಾಡುವ ಕವಿಯ ರುಜು. ಮರುಪುಟದಲ್ಲಿ ಹಾಸ್ಟೆಲಿನ ಗೆಳೆಯನೊಬ್ಬ ಬರೆದ, ಮರೆಯದಿರು ಎಂಬರ್ಥದ ಪ್ರಾಸಬದ್ಧ ನಾಲ್ಕು ಸಾಲು. ಕವಿಯ ಪುಟ ನೋಡಿ ಹೆಮ್ಮೆಪಟ್ಟವನು ನಲವತ್ತು ವರ್ಷಗಳ ಅನಂತರ ಕಣ್ಣೊರಸಿಕೊಳ್ಳುವುದು ಗೆಳೆಯನ ಪುಟ ನೋಡಿ. ಇದನ್ನು ಕವಿಗಳು ತಪ್ಪು ತಿಳಿಯಬಾರದು.

ಯಾಚಕರಲ್ಲಿಯೂ ತರತಮಗಳುಂಟು. ಕೆಲವರಿಗೆ ಹೆಸರಿನ ಸಂಖ್ಯೆಯೇ ಮುಖ್ಯ. ವೇದಿಕೆಯ ಮೇಲೆ ಕುಳಿತವರೆಲ್ಲರ ರುಜುವನ್ನೂ ಎಡದಿಂದ ಬಲಕ್ಕೆ ಸಂಗ್ರಹಿಸಿ, ಕೊನೆಗೆ ಧ್ವನಿವರ್ಧಕದವನ ಮುಂದೆಯೂ ಪುಸ್ತಕ ಹಿಡಿಯುತ್ತಾರೆ. ಕೆಲವರು ರುಜು ಸಾಲದೆಂದು 'ಏನಾದರೂ ಒಂದು ಸಂದೇಶ' ಬೇಡುತ್ತಾರೆ. ಬೆಳಗಿನಿಂದ ಮೂರು ಭಾಷಣ ಮಾಡಿ ಕಾಫಿಗಾಗಿ ಹಂಬಲಿಸುತ್ತಿರುವ ಮನುಷ್ಯನಿಗೆ ಲೋಕಕ್ಕೆ ಕೊಡತಕ್ಕ ಸಂದೇಶ ಥಟ್ಟನೆ ಹೊಳೆಯುವುದೆ? ಆದರೂ ಪಾಪ, ಬರೆದುಕೊಡುತ್ತಾರೆ.

ಲೇಖಕರ ಪಾಡು ಎಲ್ಲ ದೇಶಗಳಲ್ಲೂ ಒಂದೇ. ಅಮೆರಿಕದ ಕವಿ ಲಾಂಗ್‌ಫೆಲೋ ೧೮೫೭ರ ಜನವರಿಯಲ್ಲಿ ತನ್ನ ದಿನಚರಿಯಲ್ಲಿ ಒಂದು ಲೆಕ್ಕ ಬರೆದಿಟ್ಟಿದ್ದಾನೆ: ಹಿಂದಿನ ದಿನ ಎಪ್ಪತ್ತು ಹಸ್ತಾಕ್ಷರಗಳನ್ನು ಬರೆದು, ಲಕೋಟೆಗೆ ಹಾಕಿ, ಮುದ್ರೆಯೊತ್ತಿ, ವಿಳಾಸ ಬರೆದದ್ದಾಯಿತಂತೆ. ಆ ದಿನ ಎಷ್ಟು ಪದ್ಯ ಬರೆದನೆಂಬುದನ್ನು ಕೇಳದಿರುವುದೇ ಲೇಸು. ಮಾರ್ಕ್ ಟ್ವೇನನಿಗೆ ಅಷ್ಟು ತಾಳ್ಮೆಯಿರಲಿಲ್ಲ. ಬರೆಯುವುದು ತನ್ನ ಕಸುಬು. ಕಸುಬಿನವನ ಬಳಿ ಅವನ ಕಸುಬಿನ ಮಾದರಿಯನ್ನು ಬಿಟ್ಟಿಯಾಗಿ ಕೇಳುವುದು ಸಲ್ಲದು. ವೈದ್ಯನ ಬಳಿ ಹೋಗಿ ನೆನಪಿಗೊಂದು ಹೆಣ ಕೊಡಿರೆಂದು ಯಾರಾದರೂ ಕೇಳುತ್ತಾರೆಯೆ, ಎಂಬುದು ಅವನ ವಾದ. ವಾದ ಚಮತ್ಕಾರವಾಗಿದೆ. ಆದರೆ ಆ ಉತ್ತರವೂ ಸಂಗ್ರಾಹಕರ ಪಾಲಿಗೆ ಇನ್ನೊಂದು ಅಮೂಲ್ಯ ವಸ್ತುವಾಯಿತೇ ಹೊರತು, ಕೇಳುವವರು ಕೇಳುವುದನ್ನು ಬಿಡಲಿಲ್ಲ.

ಈ ಕಾಟವನ್ನೇ ಕಾವ್ಯವಾಗಿ ಮಾರ್ಪಡಿಸಿಕೊಂಡವರು ರವೀಂದ್ರನಾಥ ಟಾಗೋರರು. ೧೯೧೬ರಲ್ಲಿ ಜಪಾನಿಗೂ ೧೯೨೪ರಲ್ಲಿ ಚೀನಕ್ಕೂ ಅವರು ಹೋದಾಗ ಅಲ್ಲಿನ ಅಭಿಮಾನಿಗಳು ಮುಂದೆ ಚಾಚಿದ್ದು ಪುಸ್ತಕವನ್ನಲ್ಲ. ಬೀಸಣಿಗೆಗಳನ್ನೂ ರೇಷ್ಮೆಯ ತುಂಡುಗಳನ್ನೂ. ಬೀಸಣಿಗೆಯ ಮಡಿಕೆಯ ಮೇಲೆ ಎಷ್ಟು ತಾನೆ ಬರೆಯಲು ಸಾಧ್ಯ? ಎರಡು ಸಾಲು, ಹೆಚ್ಚೆಂದರೆ ನಾಲ್ಕು ಸಾಲು. ದೀರ್ಘವಾದ ಹಾಡುಗಳಿಗೆ ಒಗ್ಗಿದ್ದ ಕೈ ಆ ಇಕ್ಕಟ್ಟಿನಲ್ಲಿ ಹೊಸದೊಂದು ಹದವನ್ನು ಕಲಿಯಿತು. ಯಾರೋ ಕೇಳಿದರೆಂದು ಬರೆದ ಆ ಕಿರುಪದ್ಯಗಳು ಕೂಡುತ್ತ ಹೋಗಿ, ೧೯೨೬ರ ಯುರೋಪ್ ಪ್ರವಾಸದಲ್ಲಿ 'ಲೇಖನ್' ಎಂಬ ಪುಸ್ತಕದ ರೂಪ ತಾಳಿದವು. ಅಚ್ಚುಮೊಳೆಯನ್ನು ಬಿಟ್ಟು, ಕವಿ ತಮ್ಮ ಕೈಯಿಂದಲೇ ಅಲ್ಯೂಮಿನಿಯಂ ಹಾಳೆಗಳ ಮೇಲೆ ಬರೆದು, ಆ ಬರಹವನ್ನೇ ಮುದ್ರಿಸಲಾಯಿತು. ಅಂದರೆ ಪುಸ್ತಕಕ್ಕೆ ಪುಸ್ತಕವೇ ಒಂದು ಹಸ್ತಾಕ್ಷರ!

ಇದರಲ್ಲಿ ಒಂದು ತಮಾಷೆಯೂ ನಡೆಯಿತು. ಪ್ರಿಯಂವದಾ ದೇವಿ ಎಂಬ ಕವಯಿತ್ರಿಯ ಕೆಲವು ಪದ್ಯಗಳನ್ನು ರವೀಂದ್ರರು ಹಿಂದೊಮ್ಮೆ ನಕಲು ಮಾಡಿಕೊಂಡಿದ್ದರು. ಅಕ್ಷರ ತಮ್ಮದೇ ಆದ್ದರಿಂದ ಪದ್ಯವೂ ತಮ್ಮದೇ ಎಂದು ಭ್ರಮಿಸಿ ಅವನ್ನೂ 'ಲೇಖನ'ಕ್ಕೆ ಸೇರಿಸಿಬಿಟ್ಟರು. ನಿಜ ತಿಳಿದ ಮೇಲೆ ಸಂಕೋಚವಿಲ್ಲದೆ ಅದನ್ನು ಬಹಿರಂಗವಾಗಿ ಒಪ್ಪಿಕೊಂಡರು. ಕೈಬರಹವೆಂದರೆ ಪರಮ ಪ್ರಮಾಣವೆಂದು ನಂಬುವ ಸಂಗ್ರಾಹಕರು ಈ ಸಂಗತಿಯನ್ನು ಸ್ವಲ್ಪ ನೆನಪಿನಲ್ಲಿಡುವುದು ಒಳ್ಳೆಯದು.

ಶಾಂತಿನಿಕೇತನದಲ್ಲಿ ಅವರ ಮೇಜಿನ ಮೇಲೆ ಇಂಥ ಪುಸ್ತಕಗಳು ರಾಶಿ ಬಿದ್ದಿರುತ್ತಿದ್ದವು. ಬಾಲಕ ಸತ್ಯಜಿತ್ ರಾಯ್ ತಾಯಿಯೊಡನೆ ಅಲ್ಲಿಗೆ ಹೋದಾಗ ಅವರ ಕೈಯಲ್ಲಿಯೂ ಒಂದು ಹೊಸ ಪುಸ್ತಕವಿತ್ತು. ಪುಸ್ತಕ ತಮ್ಮಲ್ಲಿಯೇ ಇರಲಿ, ನಾಳೆ ಬಾ ಎಂದರು ರವೀಂದ್ರರು. ದೊಡ್ಡವರು ನಾಳೆ ಎಂದರೆ ಏನರ್ಥವೆಂಬುದು ಮಕ್ಕಳಿಗೂ ಗೊತ್ತು. ಆದರೆ ಮರುದಿನ ರಾಶಿಯ ನಡುವಿನಿಂದ ಪುಸ್ತಕ ಹೊರಬಂದಾಗ ಅದರಲ್ಲಿ ಎಂಟು ಸಾಲಿನ ಒಂದು ಕವಿತೆಯಿತ್ತು. ಬೆಟ್ಟ ಕಡಲುಗಳನ್ನು ನೋಡಲು ದೂರ ದೂರ ತಿರುಗಿದವನು, ಮನೆಯ ಹೊರಗಿನ ತೆನೆಯ ತುದಿಯಲ್ಲಿ ನಿಂತ ಮಂಜಿನ ಹನಿಯನ್ನು ನೋಡಲಿಲ್ಲವೆಂಬುದು ಅದರ ಭಾವ. ಇದರ ಅರ್ಥ ಹುಡುಗನಿಗೆ ದೊಡ್ಡವನಾದ ಮೇಲೆ ತಿಳಿಯುತ್ತದೆ ಎಂದು ತಾಯಿಗೆ ಹೇಳಿ ಕವಿ ಪುಸ್ತಕವನ್ನು ಹಿಂದಿರುಗಿಸಿದರು. ಆ ಹುಡುಗ ದೊಡ್ಡವನಾಗಿ ೧೯೫೫ರಲ್ಲಿ 'ಪಥೇರ್ ಪಾಂಚಾಲಿ'ಯನ್ನು ತೆರೆಗೆ ತಂದದ್ದನ್ನು ಬಲ್ಲವರು, ಅರ್ಥ ತಿಳಿಯಿತೆ ಇಲ್ಲವೆ ಎಂಬ ಸಂದೇಹಪಡಬೇಕಾಗಿಲ್ಲ. ಹೀಗೆ ಕೇಳಿದವರ ಪುಸ್ತಕಗಳಲ್ಲಿ ಚೆದುರಿ ಹೋಗಿದ್ದ ಕಿರುಪದ್ಯಗಳನ್ನು ಒಟ್ಟುಗೂಡಿಸಿ, ಕವಿ ತೀರಿಕೊಂಡ ಮೇಲೆ, ೧೯೪೫ರಲ್ಲಿ 'ಸ್ಫುಲಿಂಗ' ಎಂಬ ಸಂಕಲನವನ್ನು ಹೊರತಂದರು. ಅಷ್ಟಾಗಿಯೂ ಯಾವ ಬೀಸಣಿಗೆ ಯಾವ ಮನೆಯ ಪೆಟ್ಟಿಗೆಯಲ್ಲಿ ಉಳಿಯಿತೋ, ಬಲ್ಲವರಾರು?

ಎಲ್ಲರೂ ರವೀಂದ್ರರಲ್ಲ, ಎಲ್ಲ ಯಾಚಕರೂ ಆ ಬಾಲಕನಲ್ಲ. ಹಸ್ತಾಕ್ಷರಕ್ಕೆ ಬೆಲೆಯಿದೆಯೆಂದು ತಿಳಿದ ದಿನವೇ ಪೇಟೆ ಅದರೊಳಗೆ ಕಾಲಿಟ್ಟಿತು. ಗಾಂಧೀಜಿಯವರು ಆ ಬೆಲೆಯನ್ನು ಮುಚ್ಚುಮರೆಯಿಲ್ಲದೆ ವಸೂಲು ಮಾಡುತ್ತಿದ್ದರು: ರುಜುವೊಂದಕ್ಕೆ ಐದು ರೂಪಾಯಿ, ಹಣ ಹರಿಜನ ನಿಧಿಗೆ. ವ್ಯಾಪಾರವೆಂದರೆ ಹೀಗಿರಬೇಕು, ಕೊಟ್ಟವನಿಗೂ ಪುಣ್ಯ, ಪಡೆದವನಿಗೂ ಪುಣ್ಯ. ಬರ್ನಾರ್ಡ್ ಷಾ ತಾನು ಗೆಳೆಯನೊಬ್ಬನಿಗೆ ಆದರದಿಂದ ಬರೆದುಕೊಟ್ಟ ಪುಸ್ತಕವನ್ನು ಹಳೆಯ ಪುಸ್ತಕದಂಗಡಿಯಲ್ಲಿ ಕಂಡು, ಅದನ್ನು ಕೊಂಡು, ಆದರವನ್ನು ನವೀಕರಿಸಿರುವುದಾಗಿ ಮತ್ತೊಮ್ಮೆ ಬರೆದು ಅದೇ ಗೆಳೆಯನಿಗೆ ಕಳುಹಿಸಿದನೆಂಬ ಕಥೆ ಬಹಳ ಪ್ರಸಿದ್ಧ. ಷಾ ನಕ್ಕು ತೀರಿಸಿಕೊಂಡದ್ದನ್ನು ಹಾರ್ಪರ್ ಲೀ ನಕ್ಕು ತೀರಿಸಿಕೊಳ್ಳಲಾರದೆ ಹೋದಳು. ೧೯೬೦ರಲ್ಲಿ ಒಂದೇ ಕಾದಂಬರಿಯಿಂದ ಲೋಕಪ್ರಸಿದ್ಧಳಾಗಿ, ಪ್ರಚಾರದಿಂದ ದೂರ ಸರಿದ ಆ ಲೇಖಕಿ, ತನ್ನ ಊರಾದ ಮನ್ರೋವಿಲ್ಲಿನವರಿಗಾಗಿ ಮಾತ್ರ ಪ್ರತಿಗಳಿಗೆ ರುಜು ಹಾಕಿಕೊಡುತ್ತಿದ್ದಳು. ಅವು ದೊಡ್ಡ ಬೆಲೆಗೆ ಮರುಮಾರಾಟವಾಗುತ್ತಿವೆಯೆಂದು ತಿಳಿದಾಗ ಅದನ್ನೂ ನಿಲ್ಲಿಸಿದಳು. ಪೇಟೆಯವರಿಗೆ ಅದರಿಂದ ನಷ್ಟವೇನೂ ಆಗಲಿಲ್ಲ. ಇದ್ದ ಪ್ರತಿಗಳ ಬೆಲೆ ಏರಿರಬೇಕು. ಕೈತಪ್ಪಿದ್ದು, ಆ ಪುಸ್ತಕವನ್ನು ಪ್ರೀತಿಸಿ, ಮಾರುವ ಯೋಚನೆಯೇ ಇಲ್ಲದೆ ಕಾದಿದ್ದವರಿಗೆ.

ಮುಂದೆ ಯಂತ್ರಗಳು ಬಂದವು. ಕೆನಡಾದ ಕಾದಂಬರಿಕಾರ್ತಿ ಮಾರ್ಗರೆಟ್ ಆಟ್‌ವುಡ್, ಪ್ರವಾಸದ ದಣಿವಿಲ್ಲದೆ ದೂರದ ಊರಿನ ಓದುಗನ ಪುಸ್ತಕಕ್ಕೆ ರುಜು ಹಾಕಬಲ್ಲ ಯಂತ್ರವೊಂದನ್ನು ಯೋಚಿಸಿದಳು. ೨೦೦೬ರಲ್ಲಿ ಲಂಡನ್ ಪುಸ್ತಕ ಮೇಳದಲ್ಲಿ ಅದರ ಪ್ರದರ್ಶನವಾಯಿತು. ಅಲ್ಲಿ ಯಂತ್ರ ದೂರದಲ್ಲಿದ್ದರೂ ಈ ತುದಿಯಲ್ಲಿ ಲೇಖಕಿಯ ಕೈ ಇತ್ತು. ೨೦೨೨ರಲ್ಲಿ ಅದೂ ಇಲ್ಲವಾಯಿತು. ನೊಬೆಲ್ ಪುರಸ್ಕೃತ ಬಾಬ್ ಡಿಲನ್ನನ ಪುಸ್ತಕದ ಒಂಬೈನೂರು ಪ್ರತಿಗಳನ್ನು, ಸ್ವಹಸ್ತದ ರುಜುವುಳ್ಳವೆಂದು ಹೇಳಿ, ಪ್ರತಿಯೊಂದನ್ನು ೫೯೯ ಡಾಲರಿಗೆ ಮಾರಿದರು. ಕೊಂಡವರು ಪರಸ್ಪರ ಹೋಲಿಸಿ ನೋಡಿದರೆ ಗೆರೆಗೆ ಗೆರೆ ಒಂದೇ. ಎಲ್ಲವೂ ಯಂತ್ರದ ಕೆಲಸ. ಹಣ ಹಿಂದಿರುಗಿತು, ಡಿಲನ್ ತನಗೆ ತಲೆಸುತ್ತಿನ ಬಾಧೆಯಿತ್ತೆಂದು ತಿಳಿಸಿ ಕ್ಷಮೆ ಕೇಳಿದ. ರುಜುವಿನ ಆಕಾರದಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೂ ಕೊಂಡವರಿಗೆ ಮೋಸವಾಯಿತೆನ್ನಿಸಿದ್ದು ಏಕೆ? ಆ ಅರೆಕ್ಷಣ ಡಿಲನ್ ತಮ್ಮ ಪ್ರತಿಯನ್ನು ಮುಟ್ಟಿರಲಿಲ್ಲ, ಅಷ್ಟೇ. ಅವರು ೫೯೯ ಡಾಲರು ತೆತ್ತಿದ್ದು ಆ ಅರೆಕ್ಷಣಕ್ಕೆ.

ಇಷ್ಟೆಲ್ಲ ಹೇಳುವಾಗ ಸಾಲಿನಲ್ಲಿ ನಿಂತವರ ಮಾತೇ ಆಯಿತು. ಸಾಲಿಗೆ ಬಾರದ ಓದುಗರೂ ಇದ್ದರು. ಐವತ್ತು ಅರವತ್ತರ ದಶಕಗಳಲ್ಲಿ ಕನ್ನಡ ಕಾದಂಬರಿಯನ್ನು ಪೊರೆದವರಲ್ಲಿ ದೊಡ್ಡ ಪಾಲು ಮನೆಯೊಳಗಿನ ಹೆಂಗಸರದು. ಸಭೆಗೆ ಹೋಗಲು ಅವರಿಗೆ ಬಿಡುವಿಲ್ಲ, ಅಪ್ಪಣೆಯೂ ಇಲ್ಲ. ಹೋದರೂ ರುಜು ಹಾಕಿಸಿಕೊಳ್ಳಲು ಅವರದೆಂಬ ಪುಸ್ತಕವೇ ಇಲ್ಲ. ಓದುತ್ತಿದ್ದುದೆಲ್ಲ ಬೀದಿಯ ಕೊನೆಯ ಬಾಡಿಗೆ ಪುಸ್ತಕದಂಗಡಿಯಿಂದ ದಿನಕ್ಕೆ ಇಷ್ಟೆಂದು ತಂದದ್ದು. ನಾಳೆ ಹಿಂದಿರುಗಿಸಬೇಕು, ತಡವಾದರೆ ಮತ್ತೊಂದು ದಿನದ ಬಾಡಿಗೆ. ಒಲೆಯ ಮುಂದೆ, ತೊಟ್ಟಿಲ ಪಕ್ಕದಲ್ಲಿ, ಕೈಯಿಂದ ಕೈಗೆ ಸಾಗಿ ಆ ಪುಸ್ತಕಗಳ ಹೊದಿಕೆ ಕಳಚಿ, ಹೊಲಿಗೆ ಬಿಚ್ಚಿ, ದಾರ ಹಾಕಿ ಮತ್ತೆ ಬಿಗಿದಿರುತ್ತಿತ್ತು. ಹೊದಿಕೆಯೊಡನೆ ಲೇಖಕಿಯ ಹೆಸರೂ ಹೋಗಿರುತ್ತಿತ್ತು.

ತ್ರಿವೇಣಿಯವರು ೧೯೬೩ರ ಜುಲೈ ತಿಂಗಳಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ಅವರ ಕಾದಂಬರಿಗಳಿಗಾಗಿ ಕಣ್ಣೀರು ಸುರಿಸಿದ್ದ ಎಷ್ಟೋ ಮಂದಿ ಅವರನ್ನು ಒಮ್ಮೆಯೂ ಕಂಡಿರಲಿಲ್ಲ. ಮನಸ್ಸು ಕದಡಿದ ಹೆಣ್ಣಿನ ಮಾತನ್ನು ಅಷ್ಟು ಸಮೀಪದಿಂದ ಕೇಳಿಸಿದ ಲೇಖಕಿಗೆ, ಇದು ನನ್ನ ಮನೆಯ ಕಥೆಯೇ ಎಂದು ಹೇಳಬೇಕೆಂದಿದ್ದವರು ಎಷ್ಟು ಜನವೋ. ಕೆಲವರು ಕಾಗದ ಬರೆದಿರಬಹುದು. ಉಳಿದವರು ಕೈಗೆ ಸಿಕ್ಕ ಪೆನ್ಸಿಲಿನಿಂದ, ಬಾಡಿಗೆ ಪುಸ್ತಕದ ಅಂಚಿನಲ್ಲಿಯೇ ಬರೆದರು. ಅಂಗಡಿಯವನ ಕಣ್ಣಿಗೆ ಅದು ಪುಸ್ತಕ ಹಾಳುಮಾಡುವ ಚಾಳಿ. ಅವನ ಸಿಡಿಮಿಡಿಗೂ ಕಾರಣವಿಲ್ಲದಿಲ್ಲ. ಆದರೆ ಅಂಥ ಹಳೆಯ ಪ್ರತಿಗಳನ್ನು ತಿರುವಿದವರಿಗೆ ಆ ಬರಹಗಳ ಪರಿಚಯವಿರುತ್ತದೆ. ನಾಯಕಿ ತವರಿಗೆ ಹಿಂದಿರುಗುವ ಪುಟದಲ್ಲಿ ಗುಂಡಾದ ಅಕ್ಷರಗಳಲ್ಲಿ 'ಹೋಗಬೇಡ' ಎಂದಿರುತ್ತದೆ. ಕೊನೆಯ ಅಧ್ಯಾಯದ ಕೆಳಗೆ 'ಇವಳು ಸಾಯಬಾರದಿತ್ತು' ಎಂದಿರುತ್ತದೆ. ಅದರ ಕೆಳಗೆ, ಬೇರೆ ಕೈಯ ಬರಹದಲ್ಲಿ, ಬೇರೆ ಬಣ್ಣದ ಮಸಿಯಲ್ಲಿ, 'ನನಗೂ ಹಾಗೆಯೇ ಅನ್ನಿಸಿತು' ಎಂದು ಇನ್ನೊಂದು ಸಾಲು. ಎರಡರ ಕೆಳಗೂ ರುಜು ಇರುವುದಿಲ್ಲ.