ಹಿಮದ ನಾಡಿನಲ್ಲಿ ಇಥಿಯೋಪಿಯಾದ ಗ್ರಂಥಗಳು

ಅಮೆರಿಕದ ಮಿನೆಸೋಟಾ ರಾಜ್ಯದ ಕಾಲೇಜ್‌ವಿಲ್, ಕಾಡು ಮತ್ತು ಸರೋವರಗಳ ನಡುವಿನ ಪುಟ್ಟ ಊರು. ಚಳಿಗಾಲದಲ್ಲಿ ಇಲ್ಲಿ ಸರೋವರವೇ ಹೆಪ್ಪುಗಟ್ಟುತ್ತದೆ. ಇಂಥ ಊರಿನ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯದ ಆವರಣದಲ್ಲಿ, ಹಿಲ್ ಹಸ್ತಪ್ರತಿ ಗ್ರಂಥಾಲಯದಲ್ಲಿ, ಆಫ್ರಿಕದ ಇಥಿಯೋಪಿಯಾದ ಜ್ಞಾನಭಂಡಾರವಿದೆ ಎಂದರೆ ಅಚ್ಚರಿಯಲ್ಲವೇ?

ಇಥಿಯೋಪಿಯಾದ ಚರ್ಚು, ಮಠಗಳಲ್ಲಿ ಹದಮಾಡಿದ ಚರ್ಮದ ಹಾಳೆಗಳ ಮೇಲೆ ಬರೆದ ಸಾವಿರಾರು ಗ್ರಂಥಗಳಿವೆ. ಅವುಗಳ ಭಾಷೆ ಗೀಜ್. ನಮ್ಮ ಕಾಗುಣಿತದಂತೆಯೇ ಅದರ ಲಿಪಿಯಲ್ಲಿಯೂ ಪ್ರತಿ ವ್ಯಂಜನ ಸ್ವರಕ್ಕೆ ತಕ್ಕಂತೆ ಏಳು ರೂಪ ತಾಳುತ್ತದೆ. 1973ರಲ್ಲಿ ಈ ಗ್ರಂಥಗಳನ್ನು ಮೈಕ್ರೊಫಿಲ್ಮಿಗೆ ಇಳಿಸುವ ಕೆಲಸ ಆರಂಭವಾಯಿತು. ಮರುವರ್ಷವೇ ಅಲ್ಲಿ ಚಕ್ರವರ್ತಿಯ ಆಳ್ವಿಕೆ ಕೊನೆಗೊಂಡು ಸೈನಿಕ ಆಡಳಿತ ಬಂತು. ಆದರೂ ಕೆಲಸ ನಿಲ್ಲಲಿಲ್ಲ. ಸುಮಾರು 9,000 ಗ್ರಂಥಗಳ ಪ್ರತಿ ಸಿದ್ಧವಾಯಿತು.

ಅವನ್ನು ಓದಿ ವಿವರಿಸಬಲ್ಲವರು ಬೇಕಲ್ಲ? 1975ರಲ್ಲಿ ಬಂಧಿಸಲು ಬಂದ ಸೈನಿಕರ ಗುಂಡೇಟಿನಿಂದ ವಿದ್ವಾಂಸ ಗೆಟಾಚೆವ್ ಹೈಲೆ ಕಾಲುಗಳ ಸ್ವಾಧೀನ ಕಳೆದುಕೊಂಡರು. ಮರುವರ್ಷ ಕಾಲೇಜ್‌ವಿಲ್ ಸೇರಿದ ಅವರು ಗಾಲಿಕುರ್ಚಿಯಲ್ಲಿ ಕುಳಿತೇ ದಶಕಗಳ ಕಾಲ ಆ ಫಿಲ್ಮುಗಳನ್ನು ಓದಿ, ಯಾವ ಗ್ರಂಥದಲ್ಲಿ ಏನಿದೆ ಎಂಬ ಸೂಚಿಗಳನ್ನು ರಚಿಸಿದರು. 1988ರಲ್ಲಿ ಅವರಿಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ದೊರೆಯಿತು. 2021ರಲ್ಲಿ ತೀರಿಕೊಂಡರು.

ವಿದ್ಯಾರ್ಥಿಗಳೇ, ಆ ಪ್ರತಿಗಳಲ್ಲಿ ಅನೇಕವನ್ನು ಇಂದು ಕಂಪ್ಯೂಟರಿನಲ್ಲಿಯೇ ನೋಡಬಹುದು. ಗುಂಡು ಅವರ ನಡಿಗೆಯನ್ನು ಕಸಿದುಕೊಂಡಿತು, ಓದನ್ನಲ್ಲ.