ಅಣ್ಣನ ಅಂಗಿ

ಅಂಗಿಯ ಮೇಲೂ ಪ್ರಬಂಧವೇ ಎಂದು ನಮ್ಮ ಅಧ್ಯಾಪಕರು ಹುಬ್ಬೇರಿಸಬಹುದು. ಆದರೆ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದವನಿಗೆ ಬಟ್ಟೆಯ ಮಾತಿಗಿಂತ ಹತ್ತಿರದ ಮಾತು ಯಾವುದಿದೆ? ನಮ್ಮ ಬೀದಿಯ ಕೂಸುಗಳು ಜೋಗುಳಕ್ಕಿಂತ ಮೊದಲು ಕೇಳುವುದು ವಿದ್ಯುತ್ ಮಗ್ಗದ ಸದ್ದನ್ನು. ನಮ್ಮಪ್ಪ ಮೂವತ್ತು ವರ್ಷ ಕೂಲಿಗೆ ಸೀರೆ ನೇಯ್ದವರು. ಅಣ್ಣ ಮಗ್ಗ ಹಿಡಿಯಲಿಲ್ಲ, ಐ.ಟಿ.ಐ.ಯಲ್ಲಿ ಎರಡು ವರ್ಷ ಕಲಿತು ಏಸಿ, ಫ್ರಿಜ್ ರಿಪೇರಿಗೆ ನಿಂತ. ನಾನು ಬಿ.ಎ. ಓದುತ್ತಿರುವುದು ಅವನ ದುಡಿಮೆಯಲ್ಲಿ.

ಹೋದ ವರ್ಷ ಅವನು ಗುತ್ತಿಗೆದಾರನ ಕೆಲಸ ಬಿಟ್ಟು, ಇಬ್ಬರು ಗೆಳೆಯರೊಡನೆ ಅಮ್ಮನ ಹೆಸರಿನಲ್ಲಿ ಒಂದು ಸಣ್ಣ ಅಂಗಡಿ ಇಟ್ಟ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿಯ ಕಡೆ ಎದ್ದ ಅಪಾರ್ಟ್‌ಮೆಂಟುಗಳನ್ನು ನೀವೂ ನೋಡಿದ್ದೀರಿ. ಅಂಥ ಒಂದರ ಗೇಟಿನಲ್ಲಿ ಅಣ್ಣನನ್ನು ಅರ್ಧ ಗಂಟೆ ನಿಲ್ಲಿಸಿದರಂತೆ. ಅವನ ಹಿಂದೆ ಬಂದ ಹುಡುಗ ಎದೆಯ ಮೇಲೆ ಕಂಪನಿಯ ಹೆಸರಿದ್ದ ಅಂಗಿ ತೊಟ್ಟಿದ್ದ. ಸಲಾಮು ಹೊಡೆಸಿಕೊಂಡು ಒಳಗೆ ಹೋದ. ಆ ರಾತ್ರಿ ಊಟಕ್ಕೆ ಕುಳಿತಾಗ ಅಣ್ಣ, "ನಮಗೂ ಹೆಸರಿನ ಅಂಗಿ ಬೇಕು ಕಣೋ. ಓದಿದೋನು ನೀನು, ನೋಡಿ ತಾ" ಎಂದ.

ಓದಿದವನು ಬೆಂಗಳೂರಿನ ಚಿಕ್ಕಪೇಟೆಗೆ ಹೋಗಿ ಮಾದರಿಗೊಂದು ತಂದೆ. ಕಡುನೀಲಿ ಪಾಲಿಯೆಸ್ಟರ್, ಸುಕ್ಕು ಬೀಳದು, ಬೇಗ ಒಣಗುತ್ತದೆ, ಬೆಲೆಯೂ ಅಗ್ಗ. ಅಪ್ಪ ಅದರ ಅಂಚನ್ನು ಬೆರಳಲ್ಲಿ ಉಜ್ಜಿದರು. ಮಾತಿಲ್ಲದೆ ಒಂದೆಳೆ ಕಿತ್ತು ಒಲೆಗೆ ಹಿಡಿದರು. ಇದು ನೇಕಾರರ ಪರೀಕ್ಷೆ: ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಹಗುರಾದ ಬೂದಿ, ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ನನ್ನ ಎಳೆ ಕುಗ್ಗಿ, ಕರಗಿ, ಕಪ್ಪು ಮಣಿಯಾಗಿ ನಿಂತಿತು.

"ನೋಡಪ್ಪ, ಇದು ಮೈಗೆ ಅಂಟ್ಕೊಂಡ್ರೆ ಬಿಡಲ್ಲ" ಎಂದರು ಅಪ್ಪ.

ಅಣ್ಣ ಎಡತೋಳು ಮಡಿಸಿದ. ಮೊಣಕೈಯ ಕೆಳಗೆ ನುಣ್ಣಗೆ ಬಿಳಿಚಿದ ಕಲೆ. ತಾಮ್ರದ ಕೊಳವೆಗೆ ಬೆಸುಗೆ ಹಾಕುವಾಗ, ಗುತ್ತಿಗೆದಾರ ಕೊಟ್ಟ ಅಂಗಿಯ ತೋಳು ಕರಗಿ ಹತ್ತಿಕೊಂಡಿತ್ತಂತೆ. ಬಿಸಿನೀರು ಬಿತ್ತೆಂದು ಅಂದು ನಮಗೆ ಹೇಳಿದ್ದ. ನನ್ನ ಎರಡನೆಯ ವರ್ಷದ ಫೀಸು ಕಟ್ಟಿದ್ದೂ ಅದೇ ತಿಂಗಳಲ್ಲಿ.

ಆ ಬೆಸುಗೆಗೆ 600 ಡಿಗ್ರಿ ಸೆಲ್ಸಿಯಸ್ ಮೀರಿದ ಕಾವು ಬೇಕು; ಪಾಲಿಯೆಸ್ಟರ್ 260ರ ಸುಮಾರಿಗೇ ಕರಗುತ್ತದೆ. ಹತ್ತಿಯೂ ಉರಿಯುತ್ತದೆ, ಆದರೆ ಕರಗಿ ಚರ್ಮಕ್ಕೆ ಅಂಟುವುದಿಲ್ಲ. ಆದ್ದರಿಂದ ದಪ್ಪ ಹತ್ತಿಯ ಡ್ರಿಲ್ ಬಟ್ಟೆ, ತುಂಬುತೋಳು ಎಂದು ತೀರ್ಮಾನವಾಯಿತು. ಏಪ್ರಿಲ್ ಬಿಸಿಲಿನಲ್ಲಿ ತಾರಸಿಯ ಮೇಲೆ ಏಸಿಯ ಹೊರಪೆಟ್ಟಿಗೆ ಬಿಚ್ಚಿ ಕೂರುವವನಿಗೆ ಬೆವರು ಹೀರುವ ಬಟ್ಟೆಯೇ ಹಿತ. ಮಳೆಗಾಲದಲ್ಲಿ ಮಾತ್ರ ಅದು ಎರಡು ದಿನವಾದರೂ ಒಣಗದು. ತಲೆಗೆ ಎರಡರಂತೆ ಇದ್ದ ಲೆಕ್ಕ ಮೂರಕ್ಕೆ ಏರಿತು. ಹೊಸಕೋಟೆಯ ಕಡೆಯ ಗೋದಾಮುಗಳಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೀತಕೋಣೆಗಳುಂಟು. ಬೆವರಿನ ಹತ್ತಿಯಂಗಿಯಲ್ಲಿ ಅಲ್ಲಿಗೆ ಹೊಕ್ಕರೆ ಎದೆ ನಡುಗುತ್ತದೆ. ಚೀಲದಲ್ಲೊಂದು ಒಣ ಬನಿಯನ್ನು, ಮೂವರಿಗೂ ಸೇರಿ ಒಂದೇ ದಪ್ಪ ಜಾಕೆಟ್ಟು ಎಂದಾಯಿತು. ಮೂವರೂ ಒಟ್ಟಿಗೆ ಒಳಗೆ ಹೋಗಬೇಕಾದರೆ ಏನು ಗತಿ ಎಂದು ಕೇಳಿದೆ. "ಆಗ ನೋಡೋಣ" ಎಂದ ಅಣ್ಣ. ಬಡವರ ಅರ್ಥಶಾಸ್ತ್ರದ ಮೊದಲ ಸೂತ್ರವೇ ಇದಿರಬೇಕು.

ಅಪ್ಪ ಬಟ್ಟೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಒಣಗಿಸಿದ ಮೇಲೆಯೇ ದರ್ಜಿಯ ಕೈಗೆ ಕೊಟ್ಟರು. ಹೊಲಿದ ಮೇಲೆ ಕುಗ್ಗಬಾರದಲ್ಲ! ಅಚ್ಚು ಹಾಕಿಸಿದ ಹೆಸರು ಒಗೆತಕ್ಕೆ ಬಿರುಕು ಬಿಡುತ್ತದೆಂದು ದಾರದಲ್ಲೇ ಕಸೂತಿ ಹಾಕಿಸಿದೆವು. ಅದಕ್ಕೆ ಹೊಲಿಗೆಯ ಲೆಕ್ಕದಲ್ಲಿ ದುಡ್ಡು. ಅಕ್ಷರ ದೊಡ್ಡದಾದಷ್ಟೂ ಖರ್ಚು. ಅಣ್ಣನಿಗೆ ಇಂಗ್ಲಿಷ್ ಬೇಕು, ಅಪ್ಪನಿಗೆ ತಾವು ಓದಬಲ್ಲ ಕನ್ನಡ. ಬೆನ್ನಿಗೆ ಅದು, ಜೇಬಿಗೆ ಇದು ಎಂದು ರಾಜಿ ಮಾಡಿಸಿದೆ. ಅಮ್ಮ ಮಾತ್ರ, "ನನ್ನ ಹೆಸರನ್ನ ನಾನೇ ಕಲ್ಲಿಗೆ ಬಡಿದು ಒಗೀಬೇಕೇನ್ರೋ?" ಎಂದು ನಕ್ಕಳು.

ಒಂದು ಭಾನುವಾರ ನಾನೂ ಅಣ್ಣನ ಜೊತೆ ಅದೇ ಗೇಟಿಗೆ ಹೋದೆ. ವಾಚ್‌ಮನ್ ಜೇಬನ್ನೂ ಓದಲಿಲ್ಲ, ಬೆನ್ನನ್ನೂ ಓದಲಿಲ್ಲ. ನೀಲಿ ಬಣ್ಣವನ್ನೊಮ್ಮೆ ನೋಡಿ ಅಣ್ಣನನ್ನು ಒಳಗೆ ಬಿಟ್ಟ. ಆಮೇಲೆ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ನಿಂತಿದ್ದ ನನ್ನ ಕಡೆ ಕೋಲು ಅಡ್ಡ ಹಿಡಿದು, "ನೀನ್ಯಾರು?" ಎಂದು ಕೇಳಿದ.

"ಬಿಡಣ್ಣ, ನಮ್ಮ ಹುಡುಗ" ಎಂದ ಅಣ್ಣ.