ಮಾವನ ಹಡಗು

ಹಡಗು ಅಂದರೆ ನಾಲ್ಕು ಹೊಗೆಕೊಳವೆ ಇರಲೇಬೇಕು ಅಂತ ನನ್ನ ಮಗ ತಿಳಿದುಕೊಂಡಿದ್ದ. ಅವನ ತಪ್ಪಲ್ಲ ಬಿಡಿ. ಮರದಲ್ಲಿ ಮಾಡಿದ ಹಳೇ ಹಡಗಿನ ಮಾದರಿ ಅಂತ ಎಲ್ಲಿ ಹುಡುಕಿದರೂ ಮೊದಲು ಎದುರಾಗೋದು ಟೈಟಾನಿಕ್ಕೇ. 1997ರಲ್ಲಿ ಆ ಸಿನಿಮಾ ಬಂದ ಮೇಲಂತೂ ಕೇಳೋದೇ ಬೇಡ. ಕಳೆದ ಬೇಸಿಗೆ ರಜೆಯಲ್ಲಿ ಅವನ ಕಾಟ ತಡೆಯಲಾರದೆ ಮೂಡುಬಿದಿರೆಯಿಂದ ಸಿದ್ಧಕಟ್ಟೆ ದಾರಿಯಾಗಿ ಬಂಟ್ವಾಳಕ್ಕೆ ಹೋದೆ. ಅಲ್ಲಿ ನಮ್ಮ ಪರಿಚಯದ ಆಚಾರ್ರೊಬ್ಬರ ಶೆಡ್ಡು ಉಂಟು. ಬಾಗಿಲು, ಕಿಟಕಿ, ದೇವರ ಮಂಟಪ ಅವರ ಕೆಲಸ. ಹಡಗು ಯಾವತ್ತೂ ಮಾಡಿದವರಲ್ಲ.

"ಫೋಟೋ ತೋರ್ಸಿ ಮಾಷ್ಟ್ರೇ, ನೋಡುವಾ" ಅಂದರು.

ಫೋನಿನಲ್ಲಿದ್ದದ್ದನ್ನು ತೋರಿಸಿದೆ. ಮೇಷ್ಟ್ರ ಬುದ್ಧಿ ನೋಡಿ, ಸುಮ್ಮನಿರಲಾಗುತ್ತದಾ? 882 ಅಡಿ ಉದ್ದ, 1912ರ ಏಪ್ರಿಲ್ 15ಕ್ಕೆ ಮುಳುಗಿದ್ದು, ನಾಲ್ಕನೇ ಕೊಳವೆಯಲ್ಲಿ ಬಾಯ್ಲರಿನ ಹೊಗೆ ಬರ್ತಿರಲಿಲ್ಲ, ಅದು ಗಾಳಿಯಾಡಲಿಕ್ಕೆ, ಮತ್ತೆ ನೋಡಲಿಕ್ಕೆ ಚಂದ ಅಂತ ಇಟ್ಟದ್ದು... ಗೊತ್ತಿದ್ದದ್ದನ್ನೆಲ್ಲ ಒದರಿದೆ. ಆಚಾರ್ರು ಕನ್ನಡಕ ಮೇಲೆ ಸರಿಸಿ, "ಶೋಕಿಗೆ ಇಟ್ಟ ಕೊಳವೆಗೂ ನಾನು ಮರ ಖರ್ಚು ಮಾಡ್ಬೇಕಾ?" ಅಂತ ನಕ್ಕರು.

ಅದೇ ವಾರ ಅಮ್ಮನನ್ನು ಕರ್ಕೊಂಡು ವೇಣೂರು ದಾರಿಯಲ್ಲಿ ಬೆಳ್ತಂಗಡಿಗೆ, ಮಾವನನ್ನು ನೋಡಲು ಹೋಗಿದ್ದೆವು. ಮಾವ ಅಂದರೆ ಅಮ್ಮನ ಅಣ್ಣ. ಎಂಬತ್ತರ ಹತ್ತಿರ ಪ್ರಾಯ. ಗ್ಲುಕೋಮಾದಿಂದ ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದು ಹೋಗುವ ದಾರಿಯಲ್ಲಿದೆ. ನಮಗೆಲ್ಲ ಅವರು 'ಬಹ್ರೈನ್ ಮಾವ'. ನಾವು ಸಣ್ಣವರಿದ್ದಾಗ ಅವರು ಊರಿಗೆ ಬಂದರೆ ಮನೆಯೆಲ್ಲ ಸೆಂಟಿನ ಪರಿಮಳ. ಟಾರ್ಚು, ರೇಡಿಯೋ, ಹೊಳೆಯುವ ಲುಂಗಿ. ಅವರು ಹುಟ್ಟಿನಿಂದಲೇ ಶ್ರೀಮಂತರು ಅಂತ ನಾನು ಎಷ್ಟೋ ವರ್ಷ ನಂಬಿದ್ದೆ.

ಟೈಟಾನಿಕ್ಕಿನ ಸುದ್ದಿ ಕೇಳಿ ಮಾವ ಮುಖ ಹುಳಿ ಮಾಡಿದರು.

"ಒಂದು ವಾರ ಸಹ ನೆಟ್ಟಗೆ ಓಡದ ಹಡಗು ಯಾಕೆ ಮಾರಾಯ? ನನ್ನನ್ನು ದಡ ಮುಟ್ಟಿಸಿದ ಹಡಗು ಉಂಟಲ್ಲ, ದ್ವಾರಕಾ... ಅದನ್ನು ಮಾಡ್ಸು. ಕಣ್ಣು ಇರುವಾಗ ಒಮ್ಮೆ ನೋಡ್ತೇನೆ."

ನಾನು ಆ ಹೆಸರು ಕೇಳಿದ್ದು ಅವತ್ತೇ ಮೊದಲು!

ಮನೆಗೆ ಬಂದು ರಾತ್ರಿಯೆಲ್ಲ ಹುಡುಕಿದೆ. ದ್ವಾರಕಾ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಹಡಗು. 1947ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ್ದು. ಉದ್ದ ಸುಮಾರು 400 ಅಡಿ, ಅಗಲ 55 ಅಡಿ, ಅಂದರೆ ಟೈಟಾನಿಕ್ಕಿನ ಅರ್ಧಕ್ಕೂ ಕಮ್ಮಿ. ಒಂದೇ ಹೊಗೆಕೊಳವೆ, ಕಪ್ಪು ಬಣ್ಣ, ಮೇಲೆ ಎರಡು ಬಿಳಿ ಪಟ್ಟಿ. ಬೊಂಬಾಯಿಯಿಂದ ಕರಾಚಿ, ಮಸ್ಕತ್, ದುಬೈ, ಬಹ್ರೈನ್, ಕುವೈತ್ ಅಂತ ನಮ್ಮ ಸರ್ವಿಸ್ ಬಸ್ಸಿನ ಹಾಗೆ ಹೋಗುತ್ತ ಬರುತ್ತ ಇತ್ತು. ಹಾಗೆ ಗೊತ್ತಾದ ದಾರಿಯಲ್ಲಿ, ಗೊತ್ತಾದ ಹೊತ್ತಿಗೆ ಓಡುವುದಕ್ಕೇ ಲೈನರ್ ಅನ್ನುವುದು. ಕೋಣೆಯಿದ್ದವರು ಕೆಲವೇ ಮಂದಿ, ಉಳಿದ ಸಾವಿರದಷ್ಟು ಜನ ಡೆಕ್ ಪ್ರಯಾಣಿಕರು. ವಿಮಾನ ಬಂದ ಮೇಲೆ ಒಂದೊಂದೇ ಹಡಗು ನಿಂತು, ಕೊನೆಗೆ ಉಳಿದಿದ್ದು ದ್ವಾರಕಾ. 1982ರಲ್ಲಿ ಪಾಕಿಸ್ತಾನದ ಗದಾನಿ ಕಡಲತೀರಕ್ಕೆ ಎಳೆದು ಒಡೆದು ಹಾಕಿದರು. ಅದೇ ವರ್ಷ ಬಿಡುಗಡೆಯಾದ ಅಟೆನ್‌ಬರೋ ಅವರ 'ಗಾಂಧಿ' ಚಿತ್ರದಲ್ಲಿ ಈ ಹಡಗು ಬಂದಿದೆ. ನಾವೆಲ್ಲ ನೋಡಿದ ಸಿನಿಮಾ. ಆದರೆ ಮಾವ ಹೋದ ಹಡಗು ಅದು ಅಂತ ಯಾರಿಗೆ ಗೊತ್ತಿತ್ತು?

ಮಗನನ್ನು ಒಪ್ಪಿಸುವುದು ಕಷ್ಟವಾಯ್ತು. "ಕೊಳವೆಗೆ ಪೈಂಟ್ ಹೊಡೆಯುವುದು ನಾನು" ಅನ್ನುವ ಕರಾರಿನ ಮೇಲೆ ಒಪ್ಪಿದ :)

200 ಅಡಿಗೆ 1 ಅಡಿ ಅಂತ ಲೆಕ್ಕ ಹಿಡಿದೆವು. ಅಲ್ಲಿಗೆ ಹಡಗು 2 ಅಡಿ ಉದ್ದ, ಮೂರು ಕಾಲು ಇಂಚು ಅಗಲ. ಆಚಾರ್ರು ತೇಗ ಬೇಡ ಅಂದರು. ಬೆಳ್ತಂಗಡಿ ಕಡೆ ಹಳೇ ಮನೆ ಕೆಡವಿದಾಗ ಸಿಕ್ಕಿದ ಶಿವನೆಯ ಹಲಗೆ ಅವರಲ್ಲಿತ್ತು. ಹಗುರ, ಉಳಿಗೆ ಬಗ್ಗುತ್ತದೆ, ಒಣಗಿದ ಮೇಲೆ ಡೊಂಕಾಗುವುದಿಲ್ಲ. ಇಡೀ ದಿಮ್ಮಿಯನ್ನು ಕೆತ್ತುವುದಲ್ಲ. ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸುವುದು, ಒಂದೊಂದನ್ನೂ ಆ ಮಟ್ಟದಲ್ಲಿ ಹಡಗಿನ ಹೊಟ್ಟೆ ಎಷ್ಟು ಅಗಲವೋ ಅಷ್ಟಕ್ಕೆ ಮೊದಲೇ ಕೊಯ್ದುಕೊಳ್ಳುವುದು. ಅಂಟು ಒಣಗಿದ ಮೇಲೆ ನೋಡಿದರೆ ಮೆಟ್ಟಿಲು ಮೆಟ್ಟಿಲು. ಆ ಮೆಟ್ಟಿಲುಗಳನ್ನು ಉಳಿ, ಕೀಸುಳಿ, ಮರಳು ಕಾಗದ ಹಾಕಿ ಸವರಿದರೆ ಹಡಗಿನ ಬಾಗು ಬರುತ್ತದೆ.

ಮಧ್ಯದಲ್ಲಿ ಒಮ್ಮೆ ಆಚಾರ್ರು ಕೈಬಿಡುವ ಹಾಗೆ ಮಾತಾಡಿದರು. "ಹಡಗು ಹತ್ತದವ ನಾನು. ಫೋಟೋ ನೋಡಿ ಎಂತ ಮಾಡುವುದು ಮಾಷ್ಟ್ರೇ?"

ನಮ್ಮ ಸಾವಿರ ಕಂಬದ ಬಸದಿಯ ಕತೆ ಹೇಳಿದೆ. 1430ರ ಬಸದಿ. ಅಲ್ಲಿ ಭೈರಾದೇವಿ ಮಂಟಪದ ಬುಡದಲ್ಲಿ ಒಂದು ಜಿರಾಫೆ ಕೆತ್ತಿದ್ದಾರೆ, ಚೀನಾದ ಡ್ರ್ಯಾಗನ್ನೂ ಇದೆ. ಕಡಲ ವ್ಯಾಪಾರದವರ ಬಾಯಿಂದ ಕೇಳಿ ಕೆತ್ತಿದ್ದಿರಬೇಕು ಅಂತ ನನ್ನ ಲೆಕ್ಕ. ಆಚಾರ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಿಮ್ಮ ಮಾವನ ಬಾಯಿಂದ ಕೇಳಿ ಬನ್ನಿ" ಅಂದರು.

ಹಾಗೆ ಶುರುವಾಯ್ತು ನೋಡಿ ನನ್ನ ಓಡಾಟ. ಪ್ರತಿ ಭಾನುವಾರ ಬೆಳ್ತಂಗಡಿ. ಏಣಿ ಎಲ್ಲಿ, ನೀರಿನ ನಳ್ಳಿ ಎಲ್ಲಿ, ಲೈಫ್ ಬೋಟು ಎಷ್ಟು ಎತ್ತರದಲ್ಲಿ... ಮಾವ 1966ರಲ್ಲಿ ಹೋದವರು. ಕೊಂಕಣ ರೈಲು ಬರುವುದಕ್ಕೆ ಮೂವತ್ತು ವರ್ಷ ಮೊದಲು. ಬಸ್ಸುಗಳಲ್ಲಿ ಬೊಂಬಾಯಿ ಸೇರಿ ಹಡಗು ಹತ್ತಿದ್ದು. ಇದೇ ಜಾತಿಯ ದಾರಾ ಎಂಬ ಹಡಗು 1961ರ ಏಪ್ರಿಲ್ 8ರಂದು ದುಬೈ ಹತ್ತಿರ ಸ್ಫೋಟವಾಗಿ 238 ಜನ ಸತ್ತಿದ್ದರು. ಆ ಸುದ್ದಿ ಬೊಂಬಾಯಿಯಲ್ಲಿ ಗೊತ್ತಾಯಿತಂತೆ. "ಅಮ್ಮನಿಗೆ ಹೇಳ್ಲಿಲ್ಲ" ಅಂದರು ಮಾವ. ಆಗ ಅವರಿಗೆ ಹತ್ತೊಂಬತ್ತು ವರ್ಷ.

ಹಡಗು ಮುಗಿದದ್ದು ನವರಾತ್ರಿಯ ಹೊತ್ತಿಗೆ. ಮಗ ಎರಡು ಬಿಳಿ ಪಟ್ಟಿ ಬಳಿದ, ಒಂದು ಸ್ವಲ್ಪ ಸೊಟ್ಟ. ಆಚಾರ್ರನ್ನೂ ಅಮ್ಮನನ್ನೂ ಕಾರಿನಲ್ಲಿ ಕೂರಿಸಿಕೊಂಡು ಬೆಳ್ತಂಗಡಿಗೆ ಹೋದೆವು.

ಮಾವ ಹಡಗನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮೇಜಿನ ಮೇಲಿಟ್ಟು, ಕಣ್ಣು ಮುಚ್ಚಿ ಬೆರಳಲ್ಲಿ ತಡವಿದರು. ಬೆರಳು ಕೊಳವೆ ದಾಟಿ ಹಿಂದೆ ಹೋಗಿ, ಸರಕು ಇಳಿಸುವ ಹ್ಯಾಚಿನ ಮುಚ್ಚಳದ ಮೇಲೆ ನಿಂತಿತು.

"ಇಲ್ಲಿ" ಅಂದರು. "ಏಳು ರಾತ್ರಿ."

ಅಮ್ಮ ಅರ್ಥವಾಗದೆ, "ಎಂತ ಅಣ್ಣ ಇಲ್ಲಿ?" ಅಂತ ಕೇಳಿದಳು.

"ಮಲಗಿದ್ದು. ಚಾಪೆ ಹಾಕಿ."

"ಕೋಣೆ ಉಂಟು, ಫ್ಯಾನು ಉಂಟು, ಕಿಟಕಿಯಲ್ಲಿ ಸಮುದ್ರ ಕಾಣ್ತದೆ ಅಂತ ಬರೆದಿದ್ದಿಯಲ್ಲ ನೀನು? ಆ ಕಾಗದ ಈಗಲೂ ನನ್ನ ಪೆಟ್ಟಿಗೆಯಲ್ಲಿ ಉಂಟು."

ಮಾವ ಮಾತಾಡಲಿಲ್ಲ. ಅಜ್ಜಿ ಆ ಕಾಗದವನ್ನು ಬಂದವರಿಗೆಲ್ಲ ಓದಿಸುತ್ತಿದ್ದರಂತೆ, ಸಾಯುವವರೆಗೂ ನಂಬಿದ್ದರಂತೆ. ನಾಲ್ಕು ವರ್ಷದ ಮೇಲೆ ಅಮ್ಮನ ಮದುವೆಗೆ ಬಂಗಾರ ಬಂದದ್ದು ಅದೇ ಬಹ್ರೈನಿನಿಂದ. ಅಮ್ಮನ ಕೈ ತನ್ನಷ್ಟಕ್ಕೇ ಬಳೆಯ ಮೇಲೆ ಹೋದದ್ದನ್ನು ನಾನು ನೋಡಿದೆ. ಇಷ್ಟು ವರ್ಷದಲ್ಲಿ ನಾವು ಯಾರೂ, ಒಬ್ಬರೂ, ಅವರು ಹೇಗೆ ಹೋದರು ಅಂತ ಕೇಳಿರಲಿಲ್ಲ. ತಂದದ್ದು ಏನು ಅಂತ ಮಾತ್ರ ಕೇಳಿದ್ದೆವು.

"ಹಡಗು ಸರಿಯಾಗಿದೆ ಆಚಾರ್ರೇ" ಅಂದರು ಮಾವ. "ಆದ್ರೆ ಇಷ್ಟು ಖಾಲಿ ಇರ್ಲಿಲ್ಲ. ಕಾಲಿಡ್ಲಿಕ್ಕೆ ಜಾಗ ಇರ್ಲಿಲ್ಲ."

ಮನುಷ್ಯರನ್ನು ಮಾಡುವುದು ನನಗಾಗಲೀ ಆಚಾರ್ರಿಗಾಗಲೀ ಹೊಳೆದೇ ಇರಲಿಲ್ಲ. ನಮ್ಮ ಲೆಕ್ಕದಲ್ಲಿ ಒಬ್ಬ ಮನುಷ್ಯ ಎಂಟು ಮಿಲಿಮೀಟರು. ಆಚಾರ್ರು ಸುತ್ತ ನೋಡಿದರು. ಅಂಗಳದಲ್ಲಿ ಭತ್ತ ಒಣಹಾಕಿತ್ತು. ಒಂದು ಕಾಳು ತಂದು ಮಾವನ ಅಂಗೈಯಲ್ಲಿಟ್ಟು, "ಅಳತೆ ಸರಿ ಉಂಟು" ಅಂದರು.

ಮಾವ ಅದನ್ನು ಹ್ಯಾಚಿನ ಮುಚ್ಚಳದ ಮೇಲೆ ಅಡ್ಡ ಮಲಗಿಸಿದರು. ಆಚಾರ್ರು ಒಂದು ಚುಕ್ಕೆ ಅಂಟು ಹಾಕಿದರು.

ಸಾವಿರ ಜನ ಅಂದರೆ ಒಂದು ಮುಷ್ಟಿ ಭತ್ತ. ಉಳಿದವರನ್ನು ಮುಂದಿನ ರಜೆಯಲ್ಲಿ ಕೂರಿಸುತ್ತೇನೆ ಅಂದಿದ್ದಾನೆ ಮಗ. ಟೈಟಾನಿಕ್ಕಿನ ಸುದ್ದಿ ಸದ್ಯಕ್ಕಿಲ್ಲ. ಹಡಗು ಮಾವನ ಮಂಚದ ಹತ್ತಿರವೇ ಇದೆ. ಈಗ ಆ ಇನ್ನೊಂದು ಕಣ್ಣೂ ಹೆಚ್ಚು ಕಾಣುವುದಿಲ್ಲ, ಬೆರಳಲ್ಲಿ ನೋಡುತ್ತಾರೆ.

ನಿಮ್ಮ ಮನೆಯಲ್ಲೂ ಹೀಗೆ ಹಡಗು ಹತ್ತಿದವರು ಇದ್ದರೆ, ತಡ ಮಾಡದೆ ಒಂದು ಮಾತು ಕೇಳಿಬಿಡಿ. ಎಲ್ಲಿ ಮಲಗಿದ್ದಿರಿ ಅಂತ.